150 ರೂಪಾಯಿ ಚಾರ್ಜರ್ ಒಳಗೆ ಏನು ಇರೋದಿಲ್ಲ?

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಪಿಜಿ ರೂಮಲ್ಲಿ ಮಲ್ಕೊಂಡು ಕೇಳ್ತಿರೋರಿಗೆ, ಗದ್ದೆ ಬದುವಿನ ಮೇಲೆ ಫೋನ್ ಇಟ್ಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತು ಕೇಳೋಕೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಫೋನ್ ಚಾರ್ಜರ್ ಪಕ್ಕದಲ್ಲೇ ಇದ್ರೆ, ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಕೈಗೆ ತಗೊಳ್ಳಿ. ಅದರ ಮೇಲೆ ಇರೋ ಸಣ್ಣ ಅಕ್ಷರಗಳನ್ನ ಯಾವತ್ತಾದ್ರೂ ಓದಿದ್ದೀರಾ? ಇವತ್ತಿನ ಎಪಿಸೋಡ್ ಪೂರ್ತಿ ಆ ಸಣ್ಣ ಅಕ್ಷರಗಳ ಬಗ್ಗೆನೇ.

ನಮ್ಮ ಕೃಷ್ಣರಾಜನಗರ ಕಡೆಯವರಿಗೆ ಮಾಲು ನೋಡಿ ತಗೊಳ್ಳೋದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಭತ್ತ ಅಂಗೈಲಿ ಉಜ್ಜಿ, ಕಾಳು ನೋಡಿ, ಎಷ್ಟು ಒಣಗಿದೆ, ಎಷ್ಟು ಜೊಳ್ಳು ಇದೆ ಅಂತ ಹೇಳಿಬಿಡ್ತಾರೆ. ಚುಂಚನಕಟ್ಟೆ ದನಗಳ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳ್ತಾರೆ. ಮಾರೋನು ಏನೇ ಹೇಳಲಿ, ಹಲ್ಲು ಸುಳ್ಳು ಹೇಳಲ್ಲ. ಆದ್ರೆ ಅದೇ ಯಜಮಾನರು ಪೇಟೆಗೆ ಬಂದು ಚಾರ್ಜರ್ ಕೊಳ್ಳುವಾಗ ಕೇಳೋದು ಎರಡೇ ಪ್ರಶ್ನೆ. "ಎಷ್ಟು?" ಮತ್ತೆ "ಗ್ಯಾರಂಟಿ ಇದ್ಯಾ?"

ಯಾಕೆ ಹೀಗೆ? ಚಾರ್ಜರ್‌ಗೆ ಹಲ್ಲಿಲ್ಲ. ಅದರ ಒಳಗೆ ಏನಿದೆ ಅಂತ ಹೊರಗಿಂದ ಕಾಣೋದಿಲ್ಲ. ಅಂಗಡಿಯವನಿಗೂ ಕಾಣಲ್ಲ, ಇಂಜಿನಿಯರ್‌ಗೂ ಒಡೆದು ನೋಡದೆ ಕಾಣಲ್ಲ. ಹಾಗಾಗಿ ನಮ್ಮ ಬದಲು ಯಾರೋ ಒಬ್ಬರು ಒಡೆದು ನೋಡಿ, ಪರೀಕ್ಷೆ ಮಾಡಿ, "ಸರಿ ಇದೆ" ಅಂತ ಒಂದು ಗುರುತು ಹಾಕಬೇಕು. ಆ ಸಣ್ಣ ಅಕ್ಷರಗಳು ಅದೇ ಗುರುತು.

ಮೊದಲು ಚಾರ್ಜರ್ ಏನು ಮಾಡುತ್ತೆ ನೋಡೋಣ. ನಾನು ಓದಿದ್ದು ಬಿಕಾಂ, ಹಾಗಾಗಿ ಹೆದರಬೇಡಿ, ನನಗೆ ಅರ್ಥ ಆಗಿರೋದು ನಿಮಗೂ ಅರ್ಥ ಆಗುತ್ತೆ. ಗೋಡೆಯ ಸಾಕೆಟ್‌ನಲ್ಲಿ ಇರೋದು 230 ವೋಲ್ಟ್. ಅದು ಮನುಷ್ಯನನ್ನ ಕೊಲ್ಲುತ್ತೆ. ಫೋನಿಗೆ ಹೋಗೋ ವೈರ್‌ನಲ್ಲಿ ಮಾಮೂಲಿಯಾಗಿ ಇರೋದು 5 ವೋಲ್ಟ್. ಅದು ಮುಟ್ಟಿದ್ರೂ ಗೊತ್ತಾಗಲ್ಲ. ಚಾರ್ಜರ್ ಒಳಗೆ ಎರಡು ಬೇರೆ ಬೇರೆ ಲೋಕ ಇದೆ ಅಂದ್ಕೊಳ್ಳಿ. ಒಂದು ಕಡೆ 230ರ ಲೋಕ, ಇನ್ನೊಂದು ಕಡೆ 5ರ ಲೋಕ. ಎರಡರ ಮಧ್ಯೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್. ಅದರ ಎರಡು ಸುರುಳಿಗಳು ಒಂದಕ್ಕೊಂದು ತಾಗೋ ಹಾಗಿಲ್ಲ. ಶಕ್ತಿ ದಾಟುತ್ತೆ, ತಂತಿ ದಾಟಲ್ಲ. ಸರ್ಕ್ಯೂಟ್ ಬೋರ್ಡ್ ಮೇಲೂ ಎರಡು ಕಡೆಯ ನಡುವೆ ಕೆಲವು ಮಿಲಿಮೀಟರ್ ಖಾಲಿ ಜಾಗ ಬಿಟ್ಟಿರಬೇಕು. ಗದ್ದೆ ಮಧ್ಯೆ ಬದು ಇದ್ದ ಹಾಗೆ. ಬದು ಒಡೆದ್ರೆ ಈ ಗದ್ದೆ ನೀರು ಆ ಗದ್ದೆಗೆ.

ಅಗ್ಗದ ನಕಲಿ ಚಾರ್ಜರ್‌ನಲ್ಲಿ ಇರದೇ ಇರೋದು ಈ ಬದುವೇ. ಸುರುಳಿಗೆ ಮೂರು ಪದರ ಇನ್ಸುಲೇಷನ್ ಇರೋ ತಂತಿ ಬದಲು ಸಾಮಾನ್ಯ ಎನಾಮಲ್ ತಂತಿ. ಎರಡೂ ಕಡೆ ಜೋಡಿಸೋ ಜಾಗದಲ್ಲಿ ಸುರಕ್ಷತೆಗಾಗಿಯೇ ಮಾಡಿರೋ ವೈ ಕ್ಲಾಸ್ ಕೆಪಾಸಿಟರ್ ಬದಲು ಒಂದು ಮಾಮೂಲಿ ಕೆಪಾಸಿಟರ್. ಫ್ಯೂಸ್ ಇರಬೇಕಾದ ಕಡೆ ಬರೀ ಒಂದು ತುಂಡು ತಂತಿ. ಇಷ್ಟೆಲ್ಲ ಉಳಿಸಿದ ಮೇಲೂ ಚಾರ್ಜರ್ ಕೆಲಸ ಮಾಡುತ್ತೆ! ಫೋನ್ ಚಾರ್ಜ್ ಆಗುತ್ತೆ. ಅಪಾಯ ಇರೋದೇ ಅಲ್ಲಿ. ಕೆಲಸ ಮಾಡದೇ ಇದ್ದಿದ್ರೆ ನಾವೇ ಎಸೀತಿದ್ವಿ.

2023ರ ಆಗಸ್ಟ್ 2ರಂದು ನಮ್ಮದೇ ರಾಜ್ಯದಲ್ಲಿ, ಉತ್ತರ ಕನ್ನಡದ ಕಾರವಾರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಎಂಟು ತಿಂಗಳ ಒಂದು ಮಗು ತೀರಿಕೊಂಡಿತು. ಫೋನ್ ತೆಗೆದಿದ್ರು, ಚಾರ್ಜರ್ ಸಾಕೆಟ್‌ನಲ್ಲೇ ಇತ್ತು, ಸ್ವಿಚ್ ಆನ್ ಇತ್ತು. ನೇತಾಡ್ತಿದ್ದ ವೈರ್‌ನ ತುದಿಯನ್ನ ಮಗು ಬಾಯಿಗೆ ಇಟ್ಟುಕೊಂಡಿತ್ತು. ಆ ಸುದ್ದಿ ಬಂದಾಗ ಎಲ್ಲರೂ ಹೇಳಿದ್ದು "ಸ್ವಿಚ್ ಆಫ್ ಮಾಡಬೇಕಿತ್ತು" ಅಂತ. ಹೌದು, ಆಫ್ ಮಾಡಬೇಕು. ಚಿಕ್ಕ ಮಕ್ಕಳಿರೋ ಮನೆಯಲ್ಲಿ ಚಾರ್ಜರ್ ಕಿತ್ತು ಎತ್ತಿಡಬೇಕು. ಆದ್ರೆ ನಾನು ಇನ್ನೊಂದು ಮಾತು ಸೇರಿಸ್ತೀನಿ. ಬದು ಗಟ್ಟಿಯಾಗಿರೋ ಚಾರ್ಜರ್‌ನ ತುದಿಯಲ್ಲಿ 5 ವೋಲ್ಟ್ ಮಾತ್ರ ಇರಬೇಕು, ಸ್ವಿಚ್ ಆನ್ ಇದ್ರೂ ಅಷ್ಟೇ ಇರಬೇಕು. ಆ ತುದಿ ಯಾರ ಜೀವಾನೂ ತೆಗೆಯೋ ಹಾಗಿರಬಾರದು. ಎಲ್ಲಾ ದೋಷವನ್ನೂ ತಂದೆ ತಾಯಿಯ ತಲೆಗೆ ಕಟ್ಟಿ ಸುಮ್ಮನಾಗೋದು ಸುಲಭ. ವಸ್ತುವಿನ ಮೇಲೂ ಪ್ರಶ್ನೆ ಇಡಬೇಕು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಯುಎಲ್ ಅನ್ನೋ ಹಳೇ ಸುರಕ್ಷತಾ ಪರೀಕ್ಷಾ ಸಂಸ್ಥೆ ಇದೆ. 2016ರಲ್ಲಿ ಅವರು ಬೇರೆ ಬೇರೆ ದೇಶಗಳಿಂದ 400 ನಕಲಿ ಐಫೋನ್ ಅಡಾಪ್ಟರ್ ತರಿಸಿ ಪರೀಕ್ಷೆ ಮಾಡಿದ್ರು. ಪಾಸಾಗಿದ್ದು ಎಷ್ಟು ಗೊತ್ತಾ? ಮೂರು. 397 ಫೇಲ್. ಅದರಲ್ಲೂ 12 ಅಡಾಪ್ಟರ್‌ಗಳು ಮನುಷ್ಯನ ಪ್ರಾಣ ತೆಗೆಯೋ ಅಷ್ಟು ಕೆಟ್ಟದಾಗಿದ್ವು. ಹೊರಗಿಂದ ನೋಡೋಕೆ ಎಲ್ಲಾ ಬೆಳ್ಳಗೆ, ನುಣ್ಣಗೆ, ಒಂದೇ ಥರ.

ಸರಿ, ಹಾಗಾದ್ರೆ ನಮ್ಮ ದೇಶದಲ್ಲಿ ಇದನ್ನ ನೋಡೋರು ಯಾರು? ಬಿಐಎಸ್, ಅಂದ್ರೆ ಭಾರತೀಯ ಮಾನಕ ಬ್ಯೂರೋ. 1947ರಲ್ಲಿ ಇಂಡಿಯನ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ ಅಂತ ಶುರುವಾಯ್ತು, ಐಎಸ್‌ಐ ಮಾರ್ಕ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. 1987ರಲ್ಲಿ ಅದೇ ಬಿಐಎಸ್ ಆಯ್ತು. ಬೆಂಗಳೂರಲ್ಲಿ ಅವರ ಕಚೇರಿ ಪೀಣ್ಯದಲ್ಲಿದೆ.

ಇಲ್ಲಿ ಎರಡು ಗುರುತು ಇದೆ, ಗಮನ ಇಟ್ಟು ಕೇಳಿ, ಯಾಕಂದ್ರೆ ತುಂಬಾ ಜನ ಇದನ್ನ ಕಲಸಿಕೊಳ್ತಾರೆ. ಒಂದು ಐಎಸ್‌ಐ ಮಾರ್ಕ್. ಇಸ್ತ್ರಿ ಪೆಟ್ಟಿಗೆ, ಗೀಸರ್, ನೀರು ಕಾಯಿಸೋ ರಾಡ್, ವೈರ್, ಪ್ಲಗ್ಗು, ಸ್ವಿಚ್ಚು, ಇವಕ್ಕೆಲ್ಲ ಇದು. ಬಿಐಎಸ್ ಅಧಿಕಾರಿಗಳು ಕಾರ್ಖಾನೆಗೇ ಹೋಗಿ ನೋಡಿ ಲೈಸೆನ್ಸ್ ಕೊಡ್ತಾರೆ. ಮಾರ್ಕಿನ ಕೆಳಗೆ ಸಿಎಂ ಎಲ್ ಅಂತ ಶುರುವಾಗೋ ಒಂದು ನಂಬರ್ ಇರಬೇಕು. ಇನ್ನೊಂದು ಕಡ್ಡಾಯ ನೋಂದಣಿ ಯೋಜನೆ. 2012ರಲ್ಲಿ ಎಲೆಕ್ಟ್ರಾನಿಕ್ಸ್ ವಸ್ತುಗಳಿಗೆ ಅಂತ ಆದೇಶ ಬಂತು. ಮೊದಲ ಪಟ್ಟಿಯಲ್ಲಿ ಲ್ಯಾಪ್‌ಟಾಪ್, ಟಿವಿ, ಸೆಟ್ ಟಾಪ್ ಬಾಕ್ಸ್ ಥರದ 15 ವಸ್ತು ಇದ್ವು. 2014ರ ಎರಡನೇ ಪಟ್ಟಿಯಲ್ಲಿ ಮೊಬೈಲ್ ಫೋನ್, ಪವರ್ ಬ್ಯಾಂಕ್, ಅಡಾಪ್ಟರ್, ಎಲ್‌ಇಡಿ ಬಲ್ಬ್ ಎಲ್ಲಾ ಸೇರಿದ್ವು. ಇದರಲ್ಲಿ ತಯಾರಕರು ಸ್ಯಾಂಪಲ್ಲನ್ನ ಬಿಐಎಸ್ ಒಪ್ಪಿರೋ ಲ್ಯಾಬ್‌ಗೆ ಕಳಿಸಬೇಕು, ಪಾಸಾದ ವರದಿ ಇಟ್ಟುಕೊಂಡು ನೋಂದಣಿ ಮಾಡಿಸಬೇಕು. ಆಗ ಸಿಗೋದೇ ಆರ್ ನಂಬರ್. ಆರ್ ಅಂತ ಇಂಗ್ಲಿಷ್ ಅಕ್ಷರ, ಆಮೇಲೆ ಎಂಟು ಅಂಕಿ. ನಿಮ್ಮ ಕೈಲಿರೋ ಚಾರ್ಜರ್ ಮೇಲೆ ಹುಡುಕಿ. ಐಎಸ್ 13252 ಅಂತ ಒಂದು ಮಾನದಂಡದ ಸಂಖ್ಯೆಯೂ ಇರಬಹುದು, ಅದು ಅಡಾಪ್ಟರ್, ಮೊಬೈಲ್, ಪವರ್ ಬ್ಯಾಂಕ್‌ಗಳ ಸುರಕ್ಷತಾ ಮಾನದಂಡ.

ಲ್ಯಾಬ್‌ನಲ್ಲಿ ಏನ್ ಮಾಡ್ತಾರೆ? ಒಂದೇ ಉದಾಹರಣೆ ಕೊಡ್ತೀನಿ. ಆ ಬದು ಇದೆಯಲ್ಲ, 230 ಮತ್ತು 5ರ ಮಧ್ಯೆ, ಅದರ ಮೇಲೆ ಸುಮಾರು 3000 ವೋಲ್ಟ್ ಒಂದು ನಿಮಿಷ ಹಾಕ್ತಾರೆ. ತಡ್ಕೊಂಡ್ರೆ ಪಾಸ್. ಬಿಸಿ ಎಷ್ಟಾಗುತ್ತೆ, ಒಳಗೆ ಒಂದು ಭಾಗ ಕೆಟ್ಟು ಶಾರ್ಟ್ ಆದ್ರೆ ಬೆಂಕಿ ಹತ್ತುತ್ತಾ, ಪ್ಲಾಸ್ಟಿಕ್ ಉರಿಯುತ್ತಾ, ಇವನ್ನೂ ನೋಡ್ತಾರೆ. ಅಂದ್ರೆ ಚಾರ್ಜರ್ ಚೆನ್ನಾಗಿ ಕೆಲಸ ಮಾಡುತ್ತಾ ಅನ್ನೋದು ಅವರ ಪ್ರಶ್ನೆ ಅಲ್ಲ. ಕೆಟ್ಟು ಹೋದಾಗ ಹೇಗೆ ಕೆಡುತ್ತೆ ಅನ್ನೋದು ಪ್ರಶ್ನೆ. ಸುಮ್ಮನೆ ಸಾಯುತ್ತಾ, ಇಲ್ಲಾ ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಹೋಗುತ್ತಾ?

ಈಗ ನಿಮ್ಮ ಮನಸ್ಸಲ್ಲಿ ಇರೋ ಪ್ರಶ್ನೆ ನನಗೆ ಗೊತ್ತು. "ಚಾರ್ಜರನ್ನೇ ನಕಲಿ ಮಾಡೋನಿಗೆ ಒಂದು ನಂಬರ್ ಪ್ರಿಂಟ್ ಮಾಡೋದು ಕಷ್ಟನಾ?" ಸರಿಯಾದ ಪ್ರಶ್ನೆ. ನಮ್ಮ ಮೈಸೂರ್ ಸ್ಯಾಂಡಲ್ ಸೋಪ್‌ನೇ ಬಿಡಲಿಲ್ಲ. 2024ರ ಜನವರಿಯಲ್ಲಿ ಹೈದರಾಬಾದ್‌ನಲ್ಲಿ ಅದರ ನಕಲಿ ತಯಾರಿಸ್ತಿದ್ದ ಜಾಲ ಸಿಕ್ಕಿಬಿತ್ತು. ಹಾಗಾಗಿ ಬರೀ ಗುರುತು ನೋಡಿದ್ರೆ ಸಾಲಲ್ಲ, ಗುರುತನ್ನ ಪರೀಕ್ಷೆ ಮಾಡಬೇಕು. ಅದಕ್ಕೆ ಒಂದು ಆಪ್ ಇದೆ, ಬಿಐಎಸ್ ಕೇರ್ ಅಂತ. ಉಚಿತ. ಚಿನ್ನದ ಹಾಲ್‌ಮಾರ್ಕ್ ನೋಡೋಕೆ ಕೆಲವರು ಆಗಲೇ ಇಟ್ಕೊಂಡಿರ್ತೀರಾ. ಅದೇ ಆಪ್‌ನಲ್ಲಿ ಆರ್ ನಂಬರ್ ಹಾಕಿದ್ರೆ ಅದು ಯಾವ ಕಂಪನಿಯದ್ದು, ಯಾವ ಬ್ರ್ಯಾಂಡ್, ಯಾವ ವಸ್ತು, ನೋಂದಣಿ ಚಾಲ್ತಿಯಲ್ಲಿದೆಯಾ ಅಂತ ಬರುತ್ತೆ.

ಇಲ್ಲೇ ನಕಲಿ ಸಿಕ್ಕಿಬೀಳೋದು. ಆರ್ ನಂಬರ್ ಒಂದು ಕಾರ್ಖಾನೆಯ, ಒಂದು ಬ್ರ್ಯಾಂಡಿನ, ಒಂದು ಬಗೆಯ ವಸ್ತುವಿಗೆ ಕೊಡೋದು. ನಿಮ್ಮ ಕೈಲಿರೋದು ಚಾರ್ಜರ್, ಆಪ್‌ನಲ್ಲಿ ತೋರಿಸೋದು ಎಲ್‌ಇಡಿ ಬಲ್ಬ್ ಅಂದ್ರೆ ಅದು ಕದ್ದ ನಂಬರ್. ಪೆಟ್ಟಿಗೆ ಮೇಲೆ ಒಂದು ಬ್ರ್ಯಾಂಡ್, ಆಪ್‌ನಲ್ಲಿ ಇನ್ನೊಂದು ಬ್ರ್ಯಾಂಡ್ ಅಂದ್ರೆ ವಾಪಸ್ ಕೊಟ್ಟುಬಿಡಿ. ಪೆಟ್ಟಿಗೆ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ಪೂರ್ತಿ ವಿಳಾಸ, ಎಂಆರ್‌ಪಿ, ಗ್ರಾಹಕ ಸೇವೆ ನಂಬರ್ ಇರಲೇಬೇಕು ಅನ್ನೋದು ಕಾನೂನು. ಇವು ಯಾವುದೂ ಇಲ್ಲದೆ ಬರೀ ಪ್ಲಾಸ್ಟಿಕ್ ಕವರಲ್ಲಿ ನೇತಾಕಿದ್ರೆ, ಅಲ್ಲಿಗೇ ಉತ್ತರ ಸಿಕ್ತು.

ಇನ್ನೊಂದು, ಸಿಇ ಮಾರ್ಕ್ ನೋಡಿ "ಇದೆಯಲ್ಲ ಸಾರ್" ಅಂತಾರೆ. ಅದು ಯುರೋಪಿನ ಗುರುತು, ಬಹಳಷ್ಟು ವಸ್ತುಗಳಿಗೆ ತಯಾರಕರು ತಾವೇ ಘೋಷಿಸಿಕೊಂಡು ಹಾಕೋದು. ನಮ್ಮ ದೇಶದಲ್ಲಿ ಮಾರೋಕೆ ಅದು ಬಿಐಎಸ್‌ಗೆ ಬದಲಿ ಅಲ್ಲ.

ಈಗ ಸ್ವಲ್ಪ ಕಾಮರ್ಸ್. 1970ರಲ್ಲಿ ಜಾರ್ಜ್ ಅಕೆರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞ ಹಳೇ ಕಾರುಗಳ ಮಾರ್ಕೆಟ್ ಬಗ್ಗೆ ಒಂದು ಲೇಖನ ಬರೆದ. 2001ರಲ್ಲಿ ನೊಬೆಲ್ ಬಂತು. ಅವನು ಹೇಳಿದ್ದು ಇಷ್ಟೇ. ಒಳ್ಳೇ ಮಾಲು ಯಾವುದು, ಕೆಟ್ಟದ್ದು ಯಾವುದು ಅಂತ ಕೊಳ್ಳೋನಿಗೆ ಗೊತ್ತಾಗದೇ ಇದ್ರೆ, ಅವನು ಒಳ್ಳೇದಕ್ಕೆ ಒಳ್ಳೇ ಬೆಲೆ ಕೊಡಲ್ಲ. ಆಗ ಒಳ್ಳೇ ಮಾಲು ಮಾರೋನಿಗೆ ಗಿಟ್ಟಲ್ಲ, ಅವನು ಅಂಗಡಿ ಮುಚ್ತಾನೆ. ಕೊನೆಗೆ ಮಾರ್ಕೆಟ್‌ನಲ್ಲಿ ಉಳಿಯೋದು ಕೆಟ್ಟ ಮಾಲೇ.

ಇದನ್ನ ನಮ್ಮ ಪೇಟೆಗೆ ತಂದು ನೋಡಿ. ಒಬ್ಬ ಅಂಗಡಿಯವರ ಜೊತೆ ಇದೇ ವಿಷಯ ಮಾತಾಡ್ತಿದ್ದೆ. ಅವರು ಹೇಳಿದ್ದು ನನ್ನ ತಲೇಲಿ ಕೂತುಬಿಟ್ಟಿದೆ. "ನಾನು 400ರ ಮಾಲು ತೋರಿಸಿದ್ರೆ ಗಿರಾಕಿ ನನ್ನನ್ನ ಕಳ್ಳ ಅಂತಾರೆ. ಪಕ್ಕದವನು 150ಕ್ಕೆ ಕೊಡ್ತಾನೆ ಅಂತಾರೆ. ಎರಡರಲ್ಲೂ ಫೋನ್ ಚಾರ್ಜ್ ಆಗುತ್ತೆ, ನಾನೇನು ಒಡೆದು ತೋರಿಸ್ಲಾ?" ನೋಡಿ, ಪ್ರಾಮಾಣಿಕವಾಗಿ ವ್ಯಾಪಾರ ಮಾಡೋನು ಇಲ್ಲಿ ಕಳ್ಳ ಅನ್ನಿಸಿಕೊಳ್ತಾನೆ. ನೀವು ಕೌಂಟರ್ ಮುಂದೆ ನಿಂತು ಆಪ್‌ನಲ್ಲಿ ನಂಬರ್ ಹಾಕಿ ನೋಡಿದ್ರೆ ನಿಮಗಷ್ಟೇ ಲಾಭ ಅಲ್ಲ, ಆ ಅಂಗಡಿಯವರಿಗೂ ತಮ್ಮ ಮಾಲು ಒಳ್ಳೇದು ಅಂತ ತೋರಿಸೋಕೆ ಒಂದು ದಾರಿ ಸಿಗುತ್ತೆ.

"ಬಡವರು ಏನ್ ಮಾಡಬೇಕು? ಎಲ್ಲರೂ ದೊಡ್ಡ ಬ್ರ್ಯಾಂಡ್ ತಗೊಳ್ಳೋಕಾಗುತ್ತಾ?" ಇದು ನಿಜವಾದ ಪ್ರಶ್ನೆ, ಇದನ್ನ ತಳ್ಳಿಹಾಕಬಾರದು. ನನ್ನ ಉತ್ತರ ಇದು. ಬ್ರ್ಯಾಂಡ್ ಬೇರೆ, ಮಾನದಂಡ ಬೇರೆ. ದೊಡ್ಡ ಹೆಸರಿಲ್ಲದ, ಸಾಧಾರಣ ಬೆಲೆಯ, ಆದ್ರೆ ಸರಿಯಾಗಿ ನೋಂದಣಿ ಆಗಿರೋ ಚಾರ್ಜರ್‌ಗಳು ಸಿಗುತ್ವೆ. ದೊಡ್ಡ ಬ್ರ್ಯಾಂಡಿನ ಹೆಸರು ಹಾಕಿದ "ಫಸ್ಟ್ ಕಾಪಿ"ಗಿಂತ ಯಾರೂ ಕೇಳಿರದ ಹೆಸರಿನ, ಆರ್ ನಂಬರ್ ಸರಿ ಹೊಂದೋ ಚಾರ್ಜರ್ ಸಾವಿರ ಪಾಲು ವಾಸಿ. ಹೆಸರಿಗೆ ದುಡ್ಡು ಕೊಡಬೇಡಿ, ಬದುವಿಗೆ ಕೊಡಿ.

ಹಾಗಂತ ಈ ವ್ಯವಸ್ಥೆ ಪರಿಪೂರ್ಣ ಅಂತ ನಾನು ಹೇಳ್ತಿಲ್ಲ. ಲ್ಯಾಬ್‌ಗೆ ಹೋಗೋದು ಸ್ಯಾಂಪಲ್, ನಿಮ್ಮ ಕೈಗೆ ಬರೋದು ಲಕ್ಷದಲ್ಲಿ ಒಂದು ಪೀಸ್. ಸ್ಯಾಂಪಲ್ ಚೆನ್ನಾಗಿ ಮಾಡಿ, ಆಮೇಲೆ ಮಾಲು ಸಡಿಲ ಮಾಡೋರೂ ಇರಬಹುದು. ಅದಕ್ಕೇ ಮಾರ್ಕೆಟ್‌ನಿಂದ ಮಾಲು ಎತ್ತಿ ಮತ್ತೆ ಪರೀಕ್ಷೆ ಮಾಡೋ ಕೆಲಸ ನಿಲ್ಲಬಾರದು, ದಾಳಿಗಳೂ ನಿಲ್ಲಬಾರದು. ಆನ್‌ಲೈನ್‌ನಲ್ಲಿ ತಗೊಂಡ್ರೆ ಸೇಫ್ ಅಂದ್ಕೊಂಡಿದ್ದೀರಾ? 2025ರ ಮಾರ್ಚ್‌ನಲ್ಲಿ ಬಿಐಎಸ್ ಅಧಿಕಾರಿಗಳು ದೆಹಲಿಯಲ್ಲಿ ಅಮೆಜಾನ್‌ನ ಗೋದಾಮಿನಲ್ಲಿ 15 ಗಂಟೆಗೂ ಹೆಚ್ಚು ಹೊತ್ತು ತಪಾಸಣೆ ಮಾಡಿದ್ರು. ಐಎಸ್‌ಐ ಮಾರ್ಕ್ ಇಲ್ಲದ ಅಥವಾ ನಕಲಿ ಲೇಬಲ್ ಇದ್ದ 3,500ಕ್ಕೂ ಹೆಚ್ಚು ವಸ್ತುಗಳನ್ನ ವಶಪಡಿಸಿಕೊಂಡ್ರು. ಅದರಲ್ಲಿ ಗೀಸರ್, ಮಿಕ್ಸರ್‌ಗಳೂ ಇದ್ವು. ಬೆಲೆ ಸುಮಾರು 70 ಲಕ್ಷ. ಅಂದ್ರೆ ಪಾರ್ಸಲ್ ಮನೆಗೆ ಬಂದ ಮೇಲೂ ನಂಬರ್ ನೋಡಲೇಬೇಕು.

ಚಾರ್ಜರ್ ಒಂದೇ ಅಲ್ಲ. ಚಳಿಗಾಲ ಬಂದ್ರೆ ನೀರು ಕಾಯಿಸೋ ರಾಡ್ ಬರುತ್ತೆ. ಅದಕ್ಕೆ ಐಎಸ್ 368 ಅಂತ ಮಾನದಂಡ ಇದೆ, ಐಎಸ್‌ಐ ಮಾರ್ಕ್ ಕಡ್ಡಾಯ. ಎರಡೇ ಪಿನ್ ಇರೋ ರಾಡ್ ನೋಡಿದ್ರೆ ಮುಟ್ಟಬೇಡಿ. ಮೂರನೇ ಪಿನ್ ಯಾಕೆ ಉದ್ದ, ದಪ್ಪ ಇರುತ್ತೆ ಗೊತ್ತಾ? ಅದು ಅರ್ಥಿಂಗ್. ಮೊದಲು ಅದೇ ತಾಗಬೇಕು, ಕೊನೆಗೆ ಅದೇ ಬಿಡಬೇಕು ಅಂತ. ಮನೆಯಲ್ಲಿ ಅರ್ಥಿಂಗ್ ಸರಿ ಇದೆಯಾ ಒಂದ್ಸಲ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ. ಆದ್ರೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಮನುಷ್ಯನ ಮೈ ಮೂಲಕ ನೆಲಕ್ಕೆ ಸೋರಿದ್ರೆ ಕ್ಷಣದಲ್ಲಿ ಲೈನ್ ಕಡಿಯುತ್ತೆ.

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ಕಡೆ ಕೇಳ್ತಿರೋರಿಗೆ ಇನ್ನೊಂದು ಮಾತು. ಆನೆ, ಹಂದಿ ಕಾಟಕ್ಕೆ ಸೋಲಾರ್ ಬೇಲಿ ಹಾಕ್ತೀವಿ. ಆ ಎನರ್ಜೈಸರ್ ಪೆಟ್ಟಿಗೆಗೂ ಸುರಕ್ಷತಾ ಮಾನದಂಡ ಇದೆ. ಅದು ಸಾವಿರಾರು ವೋಲ್ಟ್ ಕೊಟ್ಟರೂ ಕೊಡೋದು ಕಣ್ಣು ಮಿಟುಕಿಸೋಕಿಂತ ಕಡಿಮೆ ಹೊತ್ತು, ಆಮೇಲೆ ಬಿಡುವು. ಬಿಡುವಿನಲ್ಲಿ ಪ್ರಾಣಿಯೂ ಹಿಂದೆ ಸರಿಯುತ್ತೆ, ಮನುಷ್ಯನೂ ಕೈ ಬಿಡಿಸಿಕೊಳ್ತಾನೆ. ಮನೆ ಲೈನ್‌ನಿಂದ ನೇರ ತಂತಿ ಎಳೆದ್ರೆ ಆ ಬಿಡುವೇ ಇಲ್ಲ. ಆನೆಯೂ ಸಾಯುತ್ತೆ, ಬೆಳಗ್ಗೆ ನೀರು ಕಟ್ಟೋಕೆ ಹೋದ ಮನೆಯವರೂ ಸಾಯ್ತಾರೆ. ಅಲ್ಲೂ ಅದೇ ಕಥೆ. ಉಳಿಸಿದ್ದು ಒಂದು ಪೆಟ್ಟಿಗೆಯ ದುಡ್ಡು.

ಸೆಕೆಂಡ್ ಹ್ಯಾಂಡ್ ಫೋನ್ ತಗೊಳ್ಳೋರಿಗೆ ಬೇಗ ಒಂದು ಟಿಪ್. ಡಯಲ್‌ನಲ್ಲಿ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದ್ರೆ 15 ಅಂಕಿಯ ಐಎಂಇಐ ಬರುತ್ತೆ. ಇಂಗ್ಲಿಷ್‌ನಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಆ ಅಂಕಿ ಹಾಕಿ 14422ಗೆ ಮೆಸೇಜ್ ಮಾಡಿ. ಅಥವಾ 2023ರಲ್ಲಿ ಶುರುವಾದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಿ. ಮಾಡೆಲ್ ಬೇರೆ ತೋರಿಸಿದ್ರೆ, ಬ್ಲಾಕ್ ಆಗಿದೆ ಅಂತ ಬಂದ್ರೆ, ದುಡ್ಡು ಕೊಡಬೇಡಿ.

ಕೊನೇದಾಗಿ ಬಿಲ್. "ಬಿಲ್ ಬೇಡ ಅಂದ್ರೆ ಇಪ್ಪತ್ತು ರೂಪಾಯಿ ಕಮ್ಮಿ" ಅಂದಾಗ ನಾವೆಲ್ಲ ತಲೆ ಆಡಿಸ್ತೀವಿ. ಆ ಇಪ್ಪತ್ತು ರೂಪಾಯಿಗೆ ನೀವು ಮಾರಿದ್ದು ನಿಮ್ಮ ಕಾನೂನಿನ ಹಕ್ಕು. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ದೋಷ ಇರೋ ವಸ್ತುವಿನಿಂದ ಗಾಯ, ನಷ್ಟ ಆದ್ರೆ ತಯಾರಕರನ್ನ, ಕೆಲವು ಸಂದರ್ಭದಲ್ಲಿ ಮಾರಿದವರನ್ನೂ ಹೊಣೆ ಮಾಡಬಹುದು. ಸಹಾಯವಾಣಿ 1915. ಜಿಲ್ಲಾ ಗ್ರಾಹಕರ ಆಯೋಗ ಮೈಸೂರಿನಲ್ಲೇ ಇದೆ, ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ರೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ದೂರು ಕೊಡಬೇಕು. ಕಡ್ಡಾಯ ಗುರುತು ಇಲ್ಲದೆ ಮಾರಿದವರಿಗೆ 2016ರ ಬಿಐಎಸ್ ಕಾಯ್ದೆಯಲ್ಲಿ ಬರೆದಿರೋ ದಂಡ ಮೊದಲ ಸಲವೇ ಕನಿಷ್ಠ 2 ಲಕ್ಷ, ಇಲ್ಲವೇ ಎರಡು ವರ್ಷದವರೆಗೆ ಜೈಲು. ದೂರು ಅದೇ ಬಿಐಎಸ್ ಕೇರ್ ಆಪ್‌ನಲ್ಲೇ ಕೊಡಬಹುದು. ಆದ್ರೆ ಎಲ್ಲದಕ್ಕೂ ಮೊದಲು ಕೇಳೋದು ಬಿಲ್.

ನಂಜನಗೂಡಿನಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ ಸರ್ಕ್ಯೂಟ್ ಬೋರ್ಡ್ ಮಾಡುತ್ತೆ. ಮೈಸೂರಿನಲ್ಲಿ 1988ರಲ್ಲೇ ಕೇನ್ಸ್ ಟೆಕ್ನಾಲಜಿ ಶುರುವಾಗಿತ್ತು. ಕೋಲಾರದ ನರಸಾಪುರದಲ್ಲಿ ಐಫೋನ್ ತಯಾರಾಗುತ್ತೆ. ಈ ಕಡೆಯ ಹುಡುಗ ಹುಡುಗಿಯರೇ ಅಲ್ಲಿ ಟೋಪಿ, ಗ್ಲೌಸ್ ಹಾಕ್ಕೊಂಡು ಒಂದೊಂದು ಬೋರ್ಡನ್ನೂ ಟೆಸ್ಟ್ ಮಾಡಿ ಹೊರಗೆ ಕಳಿಸ್ತಿದ್ದಾರೆ. ಅವರೇ ಸಂಜೆ ಊರಿಗೆ ಬಂದು, ಯಾರೂ ಟೆಸ್ಟ್ ಮಾಡದ ಚಾರ್ಜರ್‌ಗೆ ಫೋನ್ ಹಾಕಿ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾರೆ. ಇದು ಬದಲಾಗಬೇಕು ಅಲ್ವಾ?

ಇವತ್ತು ಮನೆಯಲ್ಲಿ ಇರೋ ಎಲ್ಲಾ ಚಾರ್ಜರ್ ಒಂದು ಕಡೆ ಇಟ್ಟು ನಂಬರ್ ನೋಡಿ. ಹತ್ತು ನಿಮಿಷದ ಕೆಲಸ. ಅಜ್ಜಿಯ ಕೀಪ್ಯಾಡ್ ಫೋನಿನ ಚಾರ್ಜರನ್ನೂ ಮರೀಬೇಡಿ, ಯಾಕಂದ್ರೆ ಮನೆಯಲ್ಲಿ ಎಲ್ಲಕ್ಕಿಂತ ಅಗ್ಗದ ಚಾರ್ಜರ್ ಸಿಗೋದು ಅವರಿಗೇ. ನಂಬರ್ ಇಲ್ಲದ್ದು, ಹೊಂದದ್ದು, ವೈರ್ ಕಿತ್ತು ಟೇಪ್ ಸುತ್ತಿದ್ದು ಇದ್ರೆ, ಇನ್ನೊಬ್ಬರಿಗೆ ಕೊಡಬೇಡಿ, ಇ-ವೇಸ್ಟ್‌ಗೆ ಹಾಕಿ. ಏನ್ ಸಿಕ್ತು ಅಂತ ನನಗೂ ಮೆಸೇಜ್ ಮಾಡಿ, ಮುಂದಿನ ಎಪಿಸೋಡ್‌ನಲ್ಲಿ ಓದ್ತೀನಿ. ಅಲ್ಲಿವರೆಗೂ ಹುಷಾರಾಗಿರಿ, ಸ್ವಿಚ್ ಆಫ್ ಮಾಡೋದು ಮರೀಬೇಡಿ.